ಕೇಳದೆಯೇ ಸ್ಕೇಲ್ ಹಾಕುವ ಗ್ರಾಫ್ ಹಾಳೆ: ಮ್ಯಾಟ್‌ಪ್ಲಾಟ್‌ಲಿಬ್ ಹೇಗೆ ಕೆಲಸ ಮಾಡುತ್ತದೆ?

ಅಂಕಿಗಳನ್ನು ಕೊಟ್ಟರೆ ಗ್ರಾಫ್ ಬರೆದುಕೊಡುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಸಾಫ್ಟ್‌ವೇರ್‌ನಲ್ಲಿ ನಾನು ಬರೆದ ಮೊದಲ ಗ್ರಾಫ್‌ನಲ್ಲಿ ಕೆಆರ್‌ಎಸ್ ಅಣೆಕಟ್ಟೆ ವರ್ಷವಿಡೀ ತುಂಬುತ್ತಲೇ ಇತ್ತು. ಜನವರಿಯಲ್ಲೂ ಏರಿಕೆ, ಏಪ್ರಿಲ್ ಬಿಸಿಲಲ್ಲೂ ಏರಿಕೆ, ಡಿಸೆಂಬರ್‌ನಲ್ಲೂ ಏರಿಕೆ. ಎಡಗಡೆ ಕೆಳಗಿನ ಮೂಲೆಯಿಂದ ಬಲಗಡೆ ಮೇಲಿನ ಮೂಲೆಗೆ ಅಡಿಪಟ್ಟಿ ಇಟ್ಟು ಎಳೆದ ಹಾಗೆ ಒಂದೇ ಗೆರೆ. ನಾಲೆಗೆ ನೀರು ಬಿಟ್ಟದ್ದು, ಬೇಸಿಗೆಯಲ್ಲಿ ಮಟ್ಟ ಇಳಿದದ್ದು, ಯಾವುದರ ಸುಳಿವೂ ಇಲ್ಲ. ಎಡಬದಿಯ ಅಕ್ಷದ ಮೇಲೆ ಅಂಕಿಗಳು ಒಂದರ ಮೇಲೊಂದು ಬಿದ್ದು ಇರುವೆ ಸಾಲಿನಂತೆ ಕಪ್ಪಗೆ ಕಾಣುತ್ತಿದ್ದವು.

ತಪ್ಪು ನನ್ನದೇ. ಫೈಲಿನಿಂದ ಓದುವಾಗ ನೀರಿನ ಮಟ್ಟ ಸಂಖ್ಯೆಯಾಗಿ ಬರದೆ ಅಕ್ಷರಗಳ ಸಾಲಾಗಿ, ಅಂದರೆ ಸ್ಟ್ರಿಂಗ್ ಆಗಿ ಬಂದಿತ್ತು. "98.30" ಅನ್ನುವುದು ಮ್ಯಾಟ್‌ಪ್ಲಾಟ್‌ಲಿಬ್ ಕಣ್ಣಿಗೆ ತೊಂಬತ್ತೆಂಟು ಚಿಲ್ಲರೆ ಅಡಿ ಅಲ್ಲ. "ರಾಗಿ", "ಜೋಳ", "ಭತ್ತ" ಇದ್ದ ಹಾಗೆ ಅದೂ ಒಂದು ಹೆಸರು. ಹೆಸರುಗಳನ್ನು ಕೊಟ್ಟರೆ ಅದು ಮೊದಲು ಬಂದದ್ದನ್ನು ಮೊದಲ ಮೆಟ್ಟಿಲಲ್ಲಿ, ಆಮೇಲೆ ಬಂದದ್ದನ್ನು ಅದರ ಮೇಲಿನ ಮೆಟ್ಟಿಲಲ್ಲಿ ಕೂರಿಸುತ್ತದೆ. ನನ್ನ ಬಳಿ ಇದ್ದದ್ದು ವಾರಕ್ಕೊಂದರಂತೆ 52 ಅಂಕಿ, ಒಂದಕ್ಕೊಂದು ಬೇರೆ. ಹಾಗಾಗಿ 52 ಮೆಟ್ಟಿಲು.

ಎರರ್ ಏನೂ ಬರಲಿಲ್ಲ. ತನಗೆ ತೋಚಿದ ಹಾಗೆ ಅದು ತೀರ್ಮಾನ ಮಾಡಿತು, ಅಚ್ಚುಕಟ್ಟಾದ ಚಿತ್ರವನ್ನೂ ಕೊಟ್ಟಿತು. ಮ್ಯಾಟ್‌ಪ್ಲಾಟ್‌ಲಿಬ್ ಕಲಿಯುವುದು ಅಂದರೆ ಹೆಚ್ಚಿನ ಪಾಲು ಇದೇ. ನಾವು ಹೇಳದೆ ಬಿಟ್ಟದ್ದನ್ನು ಅದು ಯಾವ ಲೆಕ್ಕದಲ್ಲಿ ತುಂಬಿಕೊಳ್ಳುತ್ತದೆ ಅಂತ ತಿಳಿದುಕೊಳ್ಳುವುದು. ಆಜ್ಞೆಗಳನ್ನು ಬಾಯಿಪಾಠ ಮಾಡಿ ಅಂತಹ ಉಪಯೋಗವಿಲ್ಲ, ಅವು ಹುಡುಕಿದರೆ ಸಿಗುತ್ತವೆ.

ಎಸ್‌ಎಸ್‌ಎಲ್‌ಸಿ ಗಣಿತದ "ನಕ್ಷೆಯ ಮೂಲಕ ಬಿಡಿಸಿ" ಪ್ರಶ್ನೆ ನೆನಪಿದೆಯಾ? ಎರಡು ಸಮೀಕರಣ ಕೊಡುತ್ತಿದ್ದರು. ಮೊದಲು ಕೋಷ್ಟಕ ಮಾಡಬೇಕು. ಗ್ರಾಫ್ ಹಾಳೆಯಲ್ಲಿ ಎರಡು ಅಕ್ಷ ಎಳೆಯಬೇಕು. ಮೂಲೆಯಲ್ಲಿ ಸ್ಕೇಲ್ ಬರೆಯಬೇಕು: 1 ಸೆಂ.ಮೀ. ಅಂದರೆ 1 ಮಾನ. ಆಮೇಲೆ ಚುಕ್ಕಿ, ಆಮೇಲೆ ಗೆರೆ. ಸ್ಕೇಲ್ ಬರೆಯದಿದ್ದರೆ ನಮ್ಮ ಮೇಷ್ಟ್ರು ಮಾರ್ಕ್ಸ್ ಕತ್ತರಿಸುತ್ತಿದ್ದರು. ಮ್ಯಾಟ್‌ಪ್ಲಾಟ್‌ಲಿಬ್ ಮಾಡುವುದೂ ಹೆಚ್ಚೂಕಮ್ಮಿ ಇದೇ ಕೆಲಸ. ಕೋಷ್ಟಕವೊಂದನ್ನು ಕೊಟ್ಟರೆ ಸಾಕು. ಹಾಳೆಯ ಅಳತೆ, ಅಕ್ಷ, ಸ್ಕೇಲ್, ಪೆನ್ನಿನ ಬಣ್ಣ ಎಲ್ಲವನ್ನೂ ಅದೇ ಆರಿಸಿಕೊಳ್ಳುತ್ತದೆ.

ಇದು ಪೈಥಾನ್ ಭಾಷೆಯ ಒಂದು ಲೈಬ್ರರಿ. ಅಂದರೆ ಬೇರೆಯವರು ಬರೆದಿಟ್ಟ ಕೋಡ್. ನಮ್ಮ ಪ್ರೋಗ್ರಾಂಗೆ ಕರೆಸಿಕೊಂಡು ಬಳಸಬಹುದು. ದುಡ್ಡು ಕೊಡಬೇಕಿಲ್ಲ, ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಗುರುತ್ವದ ಅಲೆಗಳು ಸಿಕ್ಕವು ಅಂತ 2016ರಲ್ಲಿ ಲೈಗೊ ತಂಡ ಪ್ರಕಟಿಸಿದಾಗಿನ ಗ್ರಾಫ್‌ಗಳು, 2019ರಲ್ಲಿ ಜಗತ್ತೆಲ್ಲ ನೋಡಿದ ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ ಚಿತ್ರ, ಎರಡರ ಹಿಂದೆಯೂ ಈ ಲೈಬ್ರರಿ ಇತ್ತು. ಎಂಜಿನಿಯರಿಂಗ್ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಕಾಣುವ ಆ ಪರಿಚಿತ ನೀಲಿ-ಕಿತ್ತಳೆ ಗೆರೆಗಳೂ ಬಹಳ ಸಲ ಇದರವೇ.

ಒಂದೇ ಕೀಲಿ, ಸರದಿ ಸಾಲು

ಇದನ್ನು ಶುರು ಮಾಡಿದ ಜಾನ್ ಹಂಟರ್ ನರವಿಜ್ಞಾನಿ. 2000ದ ದಶಕದ ಮೊದಲ ವರ್ಷಗಳಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಮೂರ್ಛೆ ರೋಗದ ಮೇಲೆ ಸಂಶೋಧನೆ ಮಾಡುತ್ತಿದ್ದರು. ರೋಗಿಯ ಮಿದುಳಿನ ಮೇಲ್ಮೈಗೇ ಎಲೆಕ್ಟ್ರೋಡ್ ಇಟ್ಟು ದಾಖಲಿಸಿದ ವಿದ್ಯುತ್ ಸಂಕೇತಗಳನ್ನು ನೋಡುವುದು ಆ ಕೆಲಸದ ಭಾಗ. ಅದಕ್ಕೆ ಲ್ಯಾಬ್‌ನಲ್ಲಿ ಕೊಂಡು ತಂದ ಸಾಫ್ಟ್‌ವೇರ್ ಒಂದಿತ್ತು. ಲೈಸೆನ್ಸ್ ಒಂದೇ. ಕಂಪ್ಯೂಟರಿಗೆ ಚುಚ್ಚುವ ಡಾಂಗಲ್ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಅದು ತೆರೆಯುತ್ತಿತ್ತು. ವಿದ್ಯಾರ್ಥಿಗಳಿಂದ ಹಿಡಿದು ಹಿರಿಯ ಸಂಶೋಧಕರವರೆಗೆ ಎಲ್ಲರೂ ಆ ಪುಟ್ಟ ಕೀಲಿಗಾಗಿ ಸರದಿ ಕಾಯಬೇಕಿತ್ತು.

ಹಂಟರ್ ಮೊದಲು ಮ್ಯಾಟ್‌ಲ್ಯಾಬ್ ಎಂಬ, ಲೆಕ್ಕಕ್ಕೂ ಗ್ರಾಫ್‌ಗೂ ಬಳಸುವ ಸಾಫ್ಟ್‌ವೇರ್‌ನಲ್ಲಿ ಬದಲಿಯೊಂದನ್ನು ಕಟ್ಟಿದರು. ಸ್ವಲ್ಪ ದೂರ ಸಾಗಿತು. ಆದರೆ ಆಸ್ಪತ್ರೆಯ ಮಾಹಿತಿ ಬರೀ ಅಂಕಿಗಳ ಸಾಲಲ್ಲ. ಸಿಟಿ ಸ್ಕ್ಯಾನ್, ಎಂಆರ್‌ಐ, ಇಇಜಿ ಒಂದೊಂದೂ ಒಂದೊಂದು ಕಡೆ, ಒಂದೊಂದು ರೂಪದಲ್ಲಿ. ಎಲ್ಲವನ್ನೂ ಸಂಖ್ಯೆಗಳ ಪಟ್ಟಿಯಾಗಿಯೇ ನೋಡುವ ಮ್ಯಾಟ್‌ಲ್ಯಾಬ್‌ನಲ್ಲಿ ಇದನ್ನು ನಿಭಾಯಿಸುವುದು ಕಷ್ಟವಾಯಿತು. ಹಾಗಾಗಿ ಪೈಥಾನ್‌ಗೆ ಬಂದರು. ಅಲ್ಲಿ ಮನಸ್ಸಿಗೆ ಒಪ್ಪುವಂಥ ಗ್ರಾಫ್ ಸೌಕರ್ಯವೇ ಇರಲಿಲ್ಲ.

ಮುಂದಿನದು ನನಗೆ ಇಷ್ಟವಾದ ಭಾಗ. 2002ರಲ್ಲಿ ಹಂಟರ್ ಐಪೈಥಾನ್ ಅನ್ನುವ, ಪೈಥಾನ್ ಆಜ್ಞೆಗಳನ್ನು ಒಂದೊಂದಾಗಿ ಕೊಟ್ಟು ಉತ್ತರ ನೋಡುವ ಸಾಧನದ ಯೋಜನೆಗೆ ಒಂದು ತೇಪೆ ಕೋಡ್ ಬರೆದು ಕಳಿಸಿದರು. ಗ್ನೂಪ್ಲಾಟ್ ಎಂಬ ಹಳೆಯ ಸಾಧನವನ್ನು ಬಳಸಿ, ಮ್ಯಾಟ್‌ಲ್ಯಾಬ್‌ನ ಹಾಗೆ ಕೂತಲ್ಲೇ ಗ್ರಾಫ್ ಬರೆಸುವ ಕೋಡ್ ಅದು. ಐಪೈಥಾನ್ ನಡೆಸುತ್ತಿದ್ದ ಫರ್ನಾಂಡೊ ಪೆರೆಜ್ ಆಗ ಪಿಎಚ್‌ಡಿ ಮುಗಿಸುವ ಗಡಿಬಿಡಿಯಲ್ಲಿದ್ದರು. ಇನ್ನು ಕೆಲವು ತಿಂಗಳು ಇದನ್ನು ನೋಡಲು ಪುರುಸೊತ್ತಿಲ್ಲ ಅಂದರು. ಹಾಗಾದರೆ ನಾನೇ ಬೇರೆಯಾಗಿ ಮಾಡುತ್ತೇನೆ ಅಂತ ಹಂಟರ್ ಕೂತರು. 2003ರಲ್ಲಿ ಮ್ಯಾಟ್‌ಪ್ಲಾಟ್‌ಲಿಬ್‌ನ ಮೊದಲ ಆವೃತ್ತಿ ಹೊರಬಂತು. ಪೆರೆಜ್ ಥೀಸಿಸ್ ಬೇಗ ಮುಗಿಸಿದ್ದರೆ ಏನಾಗುತ್ತಿತ್ತೋ! ಹಬಲ್ ದೂರದರ್ಶಕದ ಕೆಲಸ ನೋಡಿಕೊಳ್ಳುವ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್ ಇದನ್ನು ಬೇಗನೆ ಒಪ್ಪಿಕೊಂಡು ಹಣದ ನೆರವೂ ಕೊಟ್ಟಿತು. 2012ರ ಜುಲೈನಲ್ಲಿ ಹಂಟರ್ ಸೈಪೈ ಎಂಬ, ವಿಜ್ಞಾನಕ್ಕೆ ಪೈಥಾನ್ ಬಳಸುವವರ ಸಮ್ಮೇಳನದ ಮುಖ್ಯ ಭಾಷಣ ಮಾಡಿದರು. ಮರುತಿಂಗಳು, ಕ್ಯಾನ್ಸರ್ ಚಿಕಿತ್ಸೆಯ ತೊಡಕುಗಳಿಂದ ತೀರಿಕೊಂಡರು. ಆಗ ಅವರಿಗೆ 44 ವರ್ಷ. ಯೋಜನೆಯನ್ನು ಜೊತೆಗಾರರು ಮುಂದುವರಿಸಿದರು.

ಈ ಹಳೆಯ ಕತೆ ಇಲ್ಲಿ ಸುಮ್ನೆ ಹೇಳಲಿಲ್ಲ. ಮ್ಯಾಟ್‌ಲ್ಯಾಬ್ ಬಿಟ್ಟು ಬರುವವರಿಗೆ ಎಲ್ಲವೂ ಪರಿಚಿತ ಅನ್ನಿಸಬೇಕೆಂದು ಹಂಟರ್ ಅಲ್ಲಿನ ಆಜ್ಞೆಗಳ ಧಾಟಿಯನ್ನೇ ಇಟ್ಟುಕೊಂಡರು. ಒಳಗೆ ಮಾತ್ರ ಪೈಥಾನ್‌ಗೆ ಒಗ್ಗುವ ಬೇರೆಯೇ ಕಟ್ಟಡ ಕಟ್ಟಿದರು. ಇವತ್ತಿಗೂ ಹೊಸಬರು ಎಡವುವುದು ಈ ಎರಡರ ನಡುವಿನ ಹೊಸ್ತಿಲಲ್ಲೇ.

ಹಾಳೆ, ಚೌಕ ಮತ್ತು "ಆರ್ಟಿಸ್ಟ್"

ಒಳಗಿನ ಕಟ್ಟಡ ನೋಡೋಣ. ಎಲ್ಲಕ್ಕಿಂತ ಹೊರಗೆ ಇರುವುದು ಫಿಗರ್. ಇದೇ ನಮ್ಮ ಗ್ರಾಫ್ ಹಾಳೆ. ಹಾಳೆಯ ಮೇಲೆ ಒಂದು ಅಥವಾ ಹಲವು ಚೌಕಗಳಿರುತ್ತವೆ. ಒಂದೊಂದು ಚೌಕದಲ್ಲಿ ಒಂದೊಂದು ಗ್ರಾಫ್. ಈ ಚೌಕಕ್ಕೆ ಅವರಿಟ್ಟ ಹೆಸರು ಆಕ್ಸೀಸ್. ಚೌಕದ ಒಳಗೆ ಅಡ್ಡ ಒಂದು, ಉದ್ದ ಒಂದು ಅಕ್ಷ ಇರುತ್ತದಲ್ಲ, ಅದಕ್ಕಿಟ್ಟ ಹೆಸರು ಆಕ್ಸಿಸ್. ಒಂದು ದೀರ್ಘದ ವ್ಯತ್ಯಾಸ! ಇಡೀ ಲೈಬ್ರರಿಯಲ್ಲಿ ಇದಕ್ಕಿಂತ ಕೆಟ್ಟ ಹೆಸರಿಡುವಿಕೆ ನಾನು ಕಂಡಿಲ್ಲ. ಗೊಂದಲ ಬೇಡ ಅಂತ ಇಲ್ಲಿ ಆಕ್ಸೀಸ್‌ಗೆ ಚೌಕ ಅಂತಲೇ ಕರೆಯುತ್ತೇನೆ.

ಚೌಕದೊಳಗೆ ಗೆರೆ, ಚುಕ್ಕಿ, ಕಂಬ, ಅಂಕಿ, ಶೀರ್ಷಿಕೆ, ಗೆರೆಗಳ ವಿವರ ಹೇಳುವ ಲೆಜೆಂಡ್ ಇರುತ್ತವೆ. ಕಣ್ಣಿಗೆ ಕಾಣುವ ಪ್ರತಿಯೊಂದಕ್ಕೂ ಆರ್ಟಿಸ್ಟ್ ಅಂತ ಹೆಸರು. ಚಿತ್ರ ಬರೆಯುವವರು ಕಲಾವಿದರು ಅಂತ ನಾವು ತಿಳಿದಿದ್ದೇವೆ. ಇಲ್ಲಿ ಗೆರೆಯೇ ಕಲಾವಿದ, ತನ್ನನ್ನು ತಾನೇ ಬರೆದುಕೊಳ್ಳುತ್ತದೆ. ಹಾಳೆಯೂ ಒಂದು ಆರ್ಟಿಸ್ಟ್, ಚೌಕವೂ ಒಂದು ಆರ್ಟಿಸ್ಟ್. "ಚಿತ್ರ ಬರಿ" ಅಂತ ಹಾಳೆಗೆ ಹೇಳಿದರೆ ಅದು ತನ್ನ ಚೌಕಗಳಿಗೆ ಹೇಳುತ್ತದೆ, ಚೌಕ ತನ್ನೊಳಗಿನ ಗೆರೆಗೆ, ಅಕ್ಷಕ್ಕೆ, ಅಕ್ಷರಕ್ಕೆ ಹೇಳುತ್ತದೆ. ಮನೆಯ ಯಜಮಾನ ಹೇಳಿದ ಮಾತು ಕಿರಿಯರವರೆಗೆ ಇಳಿದ ಹಾಗೆ. ಯಾರು ಮೊದಲು ಅನ್ನುವುದಕ್ಕೂ ಲೆಕ್ಕವಿದೆ: ಕಂಬಗಳಂಥ ತುಂಬಿದ ಆಕಾರಗಳಿಗೆ 1, ಗೆರೆಗಳಿಗೆ 2, ಅಕ್ಷರಗಳಿಗೆ 3. ಸಣ್ಣ ಸಂಖ್ಯೆ ಮೊದಲು, ದೊಡ್ಡದು ಅದರ ಮೇಲೆ. ಕಂಬದ ಹಿಂದೆ ಗೆರೆ ಅಡಗಬೇಕೆಂದರೆ ಈ ಸಂಖ್ಯೆಯನ್ನು ಬದಲಿಸಿದರೆ ಆಯಿತು.

ಇವರೆಲ್ಲ ಬರೆಯುವುದು ಯಾವುದರ ಮೇಲೆ? ಅದನ್ನು ನೋಡಿಕೊಳ್ಳುವುದು ಬ್ಯಾಕೆಂಡ್. ಪಿಕ್ಸೆಲ್‌ಗಳ ಚಿತ್ರ ಬೇಕಾದರೆ ಆಗ್ ಎಂಬ ಬ್ಯಾಕೆಂಡ್, ಪಿಡಿಎಫ್‌ಗೆ ಒಂದು, ಚಿತ್ರವನ್ನು ಪಿಕ್ಸೆಲ್ ಬದಲು ಗೆರೆಗಳ ವಿವರವಾಗಿ ಇಟ್ಟುಕೊಳ್ಳುವ ಎಸ್‌ವಿಜಿ ಫೈಲಿಗೆ ಇನ್ನೊಂದು, ಪರದೆಯ ಮೇಲೆ ಕಿಟಕಿ ತೆರೆಯಲು ಮತ್ತೊಂದು. ಗೆರೆಗೆ ತಾನು ಎಲ್ಲಿ ಮೂಡುತ್ತಿದ್ದೇನೆ ಅಂತ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹೀಗಾಗಿಯೇ ಪರದೆಯೇ ಇಲ್ಲದ ಸರ್ವರ್‌ನಲ್ಲಿ ರಾತ್ರಿ ಓಡಿದ ಪ್ರೋಗ್ರಾಂ ಬೆಳಗ್ಗೆಗೆ ಚಿತ್ರ ಸಿದ್ಧ ಮಾಡಿಡಬಲ್ಲದು. ಒಮ್ಮೆ ಕಟ್ಟಿದ ಗ್ರಾಫ್ ಪರದೆಗೂ ಆಯಿತು, ಪ್ರಬಂಧಕ್ಕೂ ಆಯಿತು.

"ಈಗಿನದು" ಅಂದರೆ ಯಾವುದು?

ಈ ಕಟ್ಟಡದ ಮುಂಬಾಗಿಲಲ್ಲಿ ಪೈಪ್ಲಾಟ್ ಕೂತಿದೆ. ಮ್ಯಾಟ್‌ಲ್ಯಾಬ್ ಧಾಟಿಯ ಆಜ್ಞೆಗಳಿರುವುದು ಇದರಲ್ಲೇ. "ಗೆರೆ ಎಳಿ", "ಶೀರ್ಷಿಕೆ ಹಾಕು", "ತೋರಿಸು" ಅಂತ ಹೇಳುತ್ತಾ ಹೋದರೆ ಸಾಕು. ಎಲ್ಲಿ ಎಳೆಯಬೇಕು ಅಂತ ಹೇಳಬೇಕಿಲ್ಲ. ಹಾಳೆ ಇಲ್ಲದಿದ್ದರೆ ಅದೇ ಹಾಳೆ ತರುತ್ತದೆ, ಚೌಕ ಇಲ್ಲದಿದ್ದರೆ ಅದೇ ಚೌಕ ಹಾಕುತ್ತದೆ. ಇದ್ದರೆ? ಕೊನೆಗೆ ಕೈಯಾಡಿಸಿದ ಚೌಕವನ್ನೇ "ಈಗಿನ ಚೌಕ" ಅಂತ ನೆನಪಿಟ್ಟುಕೊಂಡು ಅದರಲ್ಲಿ ಬರೆಯುತ್ತದೆ.

ಹೋಟೆಲಿನಲ್ಲಿ ಒಂದೇ ಟೇಬಲ್ ತುಂಬಿದ್ದಾಗ "ಇನ್ನೊಂದು ಸಾಂಬಾರ್" ಅಂದರೆ ಸಾಕು. ನಾಲ್ಕು ಟೇಬಲ್ ತುಂಬಿದಾಗಲೂ ಟೇಬಲ್ ಹೇಳದೆ ಹಾಗೇ ಕೂಗಿದರೆ? ಮಾಣಿ ಕೊನೆಗೆ ಹೋಗಿದ್ದ ಟೇಬಲ್‌ಗೇ ಸಾಂಬಾರ್ ಹೋಗುತ್ತದೆ. ಪೈಪ್ಲಾಟ್‌ನ ಸಮಸ್ಯೆ ಪೂರ್ತಿ ಇಷ್ಟೇ. ಒಂದು ಗ್ರಾಫ್ ಬೇಗ ನೋಡಲು ಅದು ಚೆನ್ನ. ನಾಲ್ಕು ಚೌಕ ಇರುವ ಹಾಳೆಗೆ ಅದನ್ನು ನೆಚ್ಚಿಕೊಂಡರೆ ಮೈಸೂರಿನ ಶೀರ್ಷಿಕೆ ಮಂಡ್ಯದ ಗ್ರಾಫ್ ಮೇಲೆ ಕೂರುತ್ತದೆ.

ನಾನು ಒಮ್ಮೆ ಇಪ್ಪತ್ತೈದು ಮಳೆ ಮಾಪನ ಕೇಂದ್ರಗಳಿಗೆ ಇಪ್ಪತ್ತೈದು ಚಿತ್ರ ಮಾಡಿಸಲು ಲೂಪ್, ಅಂದರೆ ಒಂದೇ ಕೆಲಸವನ್ನು ಸುತ್ತಿ ಸುತ್ತಿ ಮಾಡಿಸುವ ಕೋಡ್ ಬರೆದೆ. ಮೊದಲ ಚಿತ್ರದಲ್ಲಿ ಒಂದು ಗೆರೆ, ಎರಡನೆಯದರಲ್ಲಿ ಎರಡು, ಕೊನೆಯದರಲ್ಲಿ ಇಪ್ಪತ್ತೈದು ಗೆರೆಗಳ ಸಿಕ್ಕು. ಹೊಸ ಹಾಳೆ ತಾ ಅಂತ ನಾನು ಹೇಳಿರಲಿಲ್ಲ. "ಈಗಿನ ಚೌಕ"ದಲ್ಲೇ ಅದು ಬರೆಯುತ್ತಾ ಹೋಗಿತ್ತು. ಸರಿ ಅಂತ ಪ್ರತಿ ಸುತ್ತಿಗೂ ಹೊಸ ಹಾಳೆ ತರಿಸಿದೆ. ಆಗ 20ಕ್ಕಿಂತ ಜಾಸ್ತಿ ಹಾಳೆ ತೆರೆದು ಕೂತಿವೆ, ಮೆಮೊರಿ ತುಂಬೀತು ಅಂತ ಎಚ್ಚರಿಕೆ ಬಂತು. ಪೈಪ್ಲಾಟ್ ತಾನು ತಂದ ಹಾಳೆಯನ್ನು ನಾವು ಮುಚ್ಚು ಅನ್ನುವವರೆಗೂ ಕೈಬಿಡುವುದಿಲ್ಲ. ಚಿತ್ರ ಉಳಿಸಿದ ಮೇಲೆ ಹಾಳೆ ಮುಚ್ಚಬೇಕು. ಹಾಗೆಯೇ, ಪರದೆಯಲ್ಲಿ ತೋರಿಸಿ, ಕಿಟಕಿ ಮುಚ್ಚಿ, ಆಮೇಲೆ "ಉಳಿಸು" ಅಂದರೆ ಖಾಲಿ ಬಿಳಿ ಚಿತ್ರ ಸಿಗುತ್ತದೆ. ಕಿಟಕಿ ಮುಚ್ಚಿದಾಗ ಆ ಹಾಳೆಯೂ ಹೋಯಿತು. ಉಳಿಸು ಅಂದಾಗ ಪೈಪ್ಲಾಟ್ ಒಂದು ಹೊಸ ಹಾಳೆ ತಂದು, ಅದನ್ನೇ ಉಳಿಸಿಕೊಟ್ಟಿತು. ಉಳಿಸುವುದು ಮೊದಲು, ತೋರಿಸುವುದು ಆಮೇಲೆ.

ಇನ್ನೊಂದು ದಾರಿ ಸರಳ. ಹಾಳೆಯನ್ನೂ ಚೌಕವನ್ನೂ ಮೊದಲೇ ಕೇಳಿ ಪಡೆದು, ಹೆಸರಿಟ್ಟು ಕೈಯಲ್ಲಿಟ್ಟುಕೊಳ್ಳುವುದು. ಸಬ್‌ಪ್ಲಾಟ್ಸ್ ಎಂಬ ಆಜ್ಞೆ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಆಮೇಲೆ "ಗೆರೆ ಎಳಿ" ಅನ್ನುವ ಬದಲು "ಎರಡನೇ ಚೌಕವೇ, ನಿನ್ನಲ್ಲಿ ಗೆರೆ ಎಳಿ" ಅನ್ನುವುದು. ಬರೆಯುವುದು ಸ್ವಲ್ಪ ಜಾಸ್ತಿ, ಆದರೆ ಸಾಂಬಾರ್ ಸರಿಯಾದ ಟೇಬಲ್‌ಗೆ ಹೋಗುತ್ತದೆ. ಕಲಿಯುವವರಿಗೆ ಮೊದಲ ದಿನದಿಂದಲೇ ಇದನ್ನು ಹೇಳಿಕೊಡಬೇಕು ಅನ್ನುವುದು ನನ್ನ ಪಕ್ಷ. ಹಳೆಯ ಪಾಠಗಳು ಪೈಪ್ಲಾಟ್‌ನಲ್ಲಿ ಶುರುವಾಗಿ, ಅರ್ಧ ದಾರಿಯಲ್ಲಿ ಹೇಳದೆ ಕೇಳದೆ ಇದಕ್ಕೆ ಹೊರಳುತ್ತವೆ. ಎರಡೂ ಬೆರೆತ ಕೋಡ್ ಓದಿ ತಲೆ ಕೆಡಿಸಿಕೊಂಡವರು ಬಹಳ ಜನ.

ಸ್ಕೇಲ್ ಹಾಕುವುದು ಹೇಗೆ

ಈಗ ಮೇಷ್ಟ್ರ ಪ್ರಶ್ನೆಗೆ ಬರೋಣ. ಸ್ಕೇಲ್ ಎಲ್ಲಿ?

ಹೇಳದಿದ್ದರೆ ಅದು ಅಂಕಿಗಳಲ್ಲಿ ಅತಿ ಸಣ್ಣದು, ಅತಿ ದೊಡ್ಡದು ನೋಡುತ್ತದೆ. ಎರಡರ ಅಂತರದ 5 ಶೇಕಡಾವನ್ನು ಆ ಕಡೆ ಈ ಕಡೆ ಸೇರಿಸಿ ಅಕ್ಷದ ಮಿತಿ ಮಾಡುತ್ತದೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಮಳೆಗಾಲದ ಒಂದು ವಾರ ನೀರು 124.60 ಮತ್ತು 124.80ರ ನಡುವೆ ಓಲಾಡಿತು ಅಂದುಕೊಳ್ಳಿ. ಅಕ್ಷ 124.59ರಿಂದ 124.81ರವರೆಗೆ ಬರುತ್ತದೆ. ಎರಡೂವರೆ ಇಂಚಿಗಿಂತ ಕಡಿಮೆ ಏರಿಳಿತ ಹಾಳೆಯ ತಳದಿಂದ ತುದಿಯವರೆಗೆ ಜಿಗಿಯುತ್ತದೆ. ಅಂಕಿ ಓದದೆ ಚಿತ್ರ ಮಾತ್ರ ನೋಡಿದವರು ಗಾಬರಿ ಬೀಳಬೇಕು. ಲೈಬ್ರರಿ ಸುಳ್ಳು ಹೇಳಿಲ್ಲ, ಕೊಟ್ಟ ಜಾಗ ಪೂರ್ತಿ ಬಳಸಿಕೊಂಡಿದೆ ಅಷ್ಟೆ. ಅದೇ ಅಂಕಿಗಳನ್ನು ಕಂಬದ ಗ್ರಾಫ್ ಮಾಡಿದರೆ ಕಂಬಗಳು ಸೊನ್ನೆಯಿಂದಲೇ ಏಳುತ್ತವೆ. ಆಗ ಏಳೂ ಕಂಬ ಒಂದೇ ಎತ್ತರ, ಏನೂ ಆಗಿಲ್ಲವೇನೋ ಅನ್ನಿಸುತ್ತದೆ. ಯಾವುದು ಸರಿ ಅನ್ನುವುದು ನಾವು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇವೆ ಅನ್ನುವುದರ ಮೇಲಿದೆ. ಅಕ್ಷದ ಮಿತಿಯನ್ನು ನಾವೇ ಹೇಳುವುದು ಒಂದು ಸಾಲಿನ ಕೆಲಸ.

ಅಕ್ಷದ ಮೇಲಿನ ಗುರುತುಗಳಲ್ಲಿ ಮಾತ್ರ ಅದರ ಜಾಣತನ ಒಪ್ಪಬೇಕು. ಗ್ರಾಫ್ ಹಾಳೆಯಲ್ಲಿ ನಾವು 7, 14, 21 ಅಂತ ಗುರುತು ಹಾಕುತ್ತಿದ್ದೆವಾ? ಇಲ್ಲ. 1, 2, 5, 10 ಅಂತ ಹಾಕುತ್ತಿದ್ದೆವು. ಇದೂ ಹಾಗೆಯೇ: 1, 2, 2.5, 5, 10 ಅಥವಾ ಅವುಗಳ ಹತ್ತು ಪಟ್ಟು, ನೂರು ಪಟ್ಟು ಹೆಜ್ಜೆಗಳಲ್ಲಿ ಒಂದನ್ನು ಆರಿಸುತ್ತದೆ. ದಿನಾಂಕ ಕೊಟ್ಟರೆ ಒಳಗೆ ಅದು 1970ರ ಜನವರಿ 1ರಿಂದ ಎಷ್ಟನೇ ದಿನ ಅನ್ನುವ ಸಂಖ್ಯೆಯಾಗುತ್ತದೆ. ಆಮೇಲೆ ತಿಂಗಳಿಗೊಂದು ಗುರುತು ಸಾಕಾ, ವರ್ಷಕ್ಕೊಂದು ಬೇಕಾ ಅಂತ ಅದೇ ನೋಡಿಕೊಳ್ಳುತ್ತದೆ. ಬೆಲೆ 10 ಲಕ್ಷ ದಾಟಿದರೆ ಮಾತ್ರ ಅಂಕಿಗಳನ್ನು ಚಿಕ್ಕದು ಮಾಡಿ, ಮೇಲ್ಗಡೆ ಮೂಲೆಯಲ್ಲಿ ಹತ್ತರ ಆರನೇ ಘಾತ ಅಂತ ಸಣ್ಣದಾಗಿ ಬರೆದು ಸುಮ್ಮನಾಗುತ್ತದೆ. ಲಕ್ಷ, ಕೋಟಿ ಅದಕ್ಕೆ ಗೊತ್ತಿಲ್ಲ. ಅಂಕಿಯನ್ನು ಹೇಗೆ ಬರೆಯಬೇಕು ಅಂತ ಹೇಳುವ ಪುಟ್ಟ ಫಂಕ್ಷನ್ ಒಂದನ್ನು ನಾವೇ ಕೊಟ್ಟರೆ "25 ಲಕ್ಷ" ಅಂತಲೂ ಬರೆಸಬಹುದು.

ಇಂಚು, ಪಾಯಿಂಟ್, ಪಿಕ್ಸೆಲ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೆಚ್ಚಿನವರು ಬಿಟ್ಟುಬಿಡುವ ಭಾಗ ಇದು.

ಹಾಳೆಯ ಅಳತೆ ಇಂಚಿನಲ್ಲಿ: ಸುಮ್ಮನೆ ಬಿಟ್ಟರೆ 6.4 ಇಂಚು ಅಗಲ, 4.8 ಇಂಚು ಎತ್ತರ. ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನುವುದು ಡಿಪಿಐ. ಸುಮ್ಮನೆ ಬಿಟ್ಟರೆ 100. ಅಂದರೆ ಚಿತ್ರ 640 ಪಿಕ್ಸೆಲ್ ಅಗಲ, 480 ಪಿಕ್ಸೆಲ್ ಎತ್ತರ. ಚೌಕ ಹಾಳೆಯ ಎಡದಿಂದ 0.125 ಪಾಲು ಬಿಟ್ಟು ಶುರುವಾಗಿ 0.9 ಪಾಲಿನಲ್ಲಿ ಮುಗಿಯುತ್ತದೆ. ಲೆಕ್ಕ ಹಾಕಿ: 80ನೇ ಪಿಕ್ಸೆಲ್‌ನಿಂದ 576ರವರೆಗೆ, 496 ಪಿಕ್ಸೆಲ್ ಅಗಲ. ಅಡ್ಡ ಅಕ್ಷ 0ಯಿಂದ 52 ವಾರ ಅಂತ ಇಟ್ಟರೆ 26ನೇ ವಾರ ಸರಿಯಾಗಿ ನಡುವೆ, ಅಂದರೆ 80ಕ್ಕೆ 248 ಸೇರಿಸಿ 328ನೇ ಪಿಕ್ಸೆಲ್. ಹೀಗೆ ಪ್ರತಿ ಚುಕ್ಕಿಯೂ ವಾರದ ಲೆಕ್ಕದಿಂದ ಚೌಕದ ಪಾಲಿಗೆ, ಅಲ್ಲಿಂದ ಹಾಳೆಗೆ, ಅಲ್ಲಿಂದ ಪಿಕ್ಸೆಲ್‌ಗೆ ಬರುತ್ತದೆ. ಲೆಕ್ಕದಲ್ಲಿ 237.6ನೇ ಪಿಕ್ಸೆಲ್ ಅಂತ ಬಂದರೆ? ಅಂಥ ಪಿಕ್ಸೆಲ್ ಇರುವುದಿಲ್ಲ. ಆಗ ಅಕ್ಕಪಕ್ಕದ ಎರಡು ಪಿಕ್ಸೆಲ್‌ಗೂ ಬಣ್ಣವನ್ನು ತಿಳಿಯಾಗಿ ಹಂಚುತ್ತಾರೆ. ಓರೆ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣದಿರುವುದು ಈ ಉಪಾಯದಿಂದ.

ಅಕ್ಷರದ ಅಳತೆ ಮಾತ್ರ ಪಾಯಿಂಟ್‌ನಲ್ಲಿ. 72 ಪಾಯಿಂಟ್ ಸೇರಿದರೆ ಒಂದು ಇಂಚು. ಪ್ರೆಸ್‌ನವರಿಗೆ ಇದು ಗೊತ್ತಿರುತ್ತದೆ. ಅಕ್ಷರ ಇಂಚಿಗೆ ಕಟ್ಟಿಬಿದ್ದಿದೆ, ಪಿಕ್ಸೆಲ್‌ಗಲ್ಲ. ಇದೊಂದು ತಿಳಿದರೆ ಅರ್ಧ ತಲೆನೋವು ಹೋಗುತ್ತದೆ. ಚಿತ್ರ ಮಸುಕಾಗಿದೆ ಅಂತ ಡಿಪಿಐಯನ್ನು 300 ಮಾಡಿದಿರಿ: ಪಿಕ್ಸೆಲ್ 1920ಕ್ಕೆ 1440 ಆಗುತ್ತದೆ, ಅಕ್ಷರವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ, ಚಿತ್ರದ ಹದ ಬದಲಾಗುವುದಿಲ್ಲ. ಅದರ ಬದಲು ಹಾಳೆಯನ್ನೇ 12.8 ಇಂಚು ಅಗಲ ಮಾಡಿದಿರಿ: ಅಕ್ಷರ ಮೊದಲಿನಷ್ಟೇ ಇರುತ್ತದೆ, ಹಾಳೆ ಎರಡರಷ್ಟು. ಅದನ್ನು ತಂದು ರಿಪೋರ್ಟ್‌ನ ಅಂಗೈಯಗಲದ ಜಾಗಕ್ಕೆ ಕುಗ್ಗಿಸಿದರೆ ಅಕ್ಷರ ಓದಲು ಭೂತಗನ್ನಡಿ ಬೇಕು. ಮೊದಲೇ ಜಾಗ ಎಷ್ಟು ಇಂಚು ಅಂತ ಅಳೆದು ಅಷ್ಟೇ ದೊಡ್ಡ ಹಾಳೆ ಮಾಡಿ. 10 ಪಾಯಿಂಟ್ ಅಂದರೆ ಕಾಗದದ ಮೇಲೆ 10 ಪಾಯಿಂಟೇ ಬರುತ್ತದೆ.

ಕಾಮನಬಿಲ್ಲು ಬಿಟ್ಟ ಕತೆ

ಉಷ್ಣಾಂಶ, ಎತ್ತರ ಇಂಥವನ್ನು ಬಣ್ಣದಲ್ಲಿ ತೋರಿಸುವಾಗ ಯಾವ ಅಂಕಿಗೆ ಯಾವ ಬಣ್ಣ ಅನ್ನುವ ಪಟ್ಟಿ ಬೇಕು. ಬಹಳ ವರ್ಷ ಮ್ಯಾಟ್‌ಪ್ಲಾಟ್‌ಲಿಬ್ ಬಳಸುತ್ತಿದ್ದದ್ದು ಜೆಟ್, ನೀಲಿಯಿಂದ ಕೆಂಪಿನವರೆಗಿನ ಕಾಮನಬಿಲ್ಲು. ಇದೂ ಮ್ಯಾಟ್‌ಲ್ಯಾಬ್ ಮನೆಯ ಬಳುವಳಿ. ನೋಡಲು ಹಬ್ಬ. ತೊಂದರೆ ಏನೆಂದರೆ ನಮ್ಮ ಕಣ್ಣು ಹಳದಿಯನ್ನು, ತಿಳಿ ನೀಲಿಯನ್ನು ತುಂಬ ಹೊಳಪಾಗಿ ಕಾಣುತ್ತದೆ. ಅಂಕಿ ನಿಧಾನವಾಗಿ ಏರುತ್ತಿದ್ದರೂ ಆ ಬಣ್ಣ ಬಂದ ಕಡೆ ಒಂದು ಅಂಚು ಎದ್ದು ಕಾಣುತ್ತದೆ. ಇಲ್ಲದ ಗಡಿ! ಕಪ್ಪು-ಬಿಳುಪು ಜೆರಾಕ್ಸ್ ಮಾಡಿಸಿದರಂತೂ ಅತಿ ಕಡಿಮೆ, ಅತಿ ಹೆಚ್ಚು ಎರಡೂ ಒಂದೇ ಕಪ್ಪು.

ಸ್ಟೆಫಾನ್ ವ್ಯಾನ್ ಡೆರ್ ವಾಲ್ಟ್ ಮತ್ತು ನಥಾನಿಯಲ್ ಸ್ಮಿತ್ 2015ರಲ್ಲಿ ಹೊಸ ಪಟ್ಟಿಗಳನ್ನು ಮುಂದಿಟ್ಟರು. ಅದರಲ್ಲಿ ಗೆದ್ದದ್ದು ವಿರಿಡಿಸ್: ಕಡು ನೇರಳೆಯಿಂದ ಹಸಿರಾಗಿ ಹಳದಿಗೆ. ಅಂಕಿ ಏರಿದಷ್ಟೇ ಹೊಳಪೂ ಸಮನಾಗಿ ಏರುತ್ತದೆ. ಕೆಂಪು-ಹಸಿರು ಭೇದ ಕಾಣದವರೂ ಓದಬಹುದು, ಜೆರಾಕ್ಸ್‌ನಲ್ಲೂ ನಿಲ್ಲುತ್ತದೆ. 2017ರ ಜನವರಿಯಲ್ಲಿ ಬಂದ 2.0 ಆವೃತ್ತಿಯಿಂದ ಅದೇ ಮೂಲ ಆಯ್ಕೆ. ಆ ಆವೃತ್ತಿಯಲ್ಲೇ ಗೆರೆಗಳ ಬಣ್ಣವೂ ಬದಲಾಗಿ ಈಗಿನ ನೀಲಿ-ಕಿತ್ತಳೆ ಸಾಲು ಬಂತು. ಜೆಟ್ ಇನ್ನೂ ಇದೆ, ಕೇಳಿದರೆ ಕೊಡುತ್ತದೆ. ಕೇಳಬೇಡಿ.

"ವರ್ಷ" ಅಂತ ಬರೆದು ನೋಡಿ

ಕೊನೆಗೆ ನಮ್ಮದೇ ಸಂಕಟ. ಅಕ್ಷಕ್ಕೆ "ನೀರಿನ ಮಟ್ಟ (ಅಡಿ)" ಅಂತ ಕನ್ನಡದಲ್ಲಿ ಹೆಸರು ಕೊಟ್ಟರೆ ಮೊದಲು ಬರುವುದು ಖಾಲಿ ಡಬ್ಬಿಗಳ ಸಾಲು. ಮ್ಯಾಟ್‌ಪ್ಲಾಟ್‌ಲಿಬ್ ಜೊತೆಗೆ ಬರುವ ಡೆಜಾವು ಸ್ಯಾನ್ಸ್ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. "ಕ" ಇದ್ದರೆ 3221ನೇ ಅಕ್ಷರ ಸಿಗಲಿಲ್ಲ ಅಂತ ಎಚ್ಚರಿಕೆ ಬರುತ್ತದೆ. ಅದು ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ "ಕ"ದ ಸಂಖ್ಯೆ. ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು ಅದರ ಹೆಸರು ಹೇಳಿದರೆ ಡಬ್ಬಿಗಳು ಹೋಗುತ್ತವೆ. 3.6 ಆವೃತ್ತಿಯಿಂದ ಎರಡು ಮೂರು ಫಾಂಟ್‌ಗಳ ಪಟ್ಟಿಯನ್ನೇ ಕೊಡಬಹುದು; ಒಂದರಲ್ಲಿ ಇಲ್ಲದ ಅಕ್ಷರವನ್ನು ಇನ್ನೊಂದರಲ್ಲಿ ಹುಡುಕುತ್ತದೆ.

ಡಬ್ಬಿ ಹೋದರೂ ಹಳೆಯ ಆವೃತ್ತಿಗಳಲ್ಲಿ ಕನ್ನಡ ಸರಿಯಾಗಿ ಬರುವುದಿಲ್ಲ. "ಮಟ್ಟ"ದ ಒತ್ತು ಕೆಳಗೆ ಇಳಿಯದೆ ಅರ್ಧಾಕ್ಷರ ಒಂದು ಕಡೆ, ಪೂರ್ತಿ "ಟ" ಪಕ್ಕದಲ್ಲಿ ನಿಲ್ಲುತ್ತದೆ. "ಡಿ"ಯ ಗುಡಿಸು ಅಕ್ಷರಕ್ಕೆ ಕೂಡಿಕೊಳ್ಳುವುದಿಲ್ಲ. "ಡ"ದ ತಲೆಕಟ್ಟು ಹಾಗೇ ಉಳಿದು ಗುಡಿಸು ಪಕ್ಕಕ್ಕೆ ತೇಲುತ್ತದೆ. ಕಾರಣ ಇಷ್ಟು. ಯೂನಿಕೋಡ್ ನಮ್ಮ ಬರಹವನ್ನು ಉಚ್ಚಾರದ ಕ್ರಮದಲ್ಲಿ ಬಿಡಿಬಿಡಿಯಾಗಿ ಇಟ್ಟುಕೊಳ್ಳುತ್ತದೆ. "ಸ್ತ್ರೀ" ಅನ್ನುವ ಒಂದೇ ಅಕ್ಷರಕ್ಕೆ ಅಲ್ಲಿ ಆರು ಚೂರು. ಅವನ್ನು ಸೇರಿಸಿ ಒತ್ತು, ಗುಣಿತ ಮಾಡುವುದು ಬೇರೆಯೇ ಕೆಲಸ. ಬ್ರೌಸರ್‌ಗಳಲ್ಲಿ ಅದಕ್ಕಾಗಿ ಹಾರ್ಫ್‌ಬಜ್‌ನಂಥ ಸಾಧನ ಇರುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ವರ್ಷಗಟ್ಟಲೆ ಆ ಕೆಲಸ ಮಾಡದೆ, ಒಂದು ಚೂರಿಗೆ ಒಂದು ಆಕಾರ ಅಂತ ಸಾಲಾಗಿ ಜೋಡಿಸುತ್ತಾ ಬಂತು. ಇಂಗ್ಲಿಷ್‌ಗೆ ಅದು ಸಾಕು. "ವರ್ಷ"ದಲ್ಲಿ ಸಾಲದು: ಚೂರುಗಳಲ್ಲಿ "ರ" ಮೊದಲು ಬರುತ್ತದೆ, ಬರಹದಲ್ಲಿ ಅದು ಅರ್ಕಾವತ್ತಾಗಿ "ಷ"ದ ಆಚೆಗೆ ಹೋಗಬೇಕು. ಬರೀ ಒತ್ತಲ್ಲ, ಜಾಗವೇ ಅದಲುಬದಲು. ಇದನ್ನು ಸರಿಪಡಿಸುವ ಪ್ರಯತ್ನ ಯೋಜನೆಯೊಳಗೇ ನಡೆದಿದೆ. ನಿಮ್ಮಲ್ಲಿರುವ ಆವೃತ್ತಿ ಹೇಗೆ ಅಂತ ತಿಳಿಯಲು "ವರ್ಷ" ಅಂತ ಬರೆಸಿ ನೋಡಿದರೆ ಸಾಕು.

ಸರಿ ಬರದಿದ್ದರೆ ದಾರಿಗಳಿವೆ. ಎಂಪಿಎಲ್‌ಕೈರೊ ಎಂಬ ಬೇರೆ ಬ್ಯಾಕೆಂಡ್ ಹಾಕಿಕೊಂಡರೆ ಅದು ಒತ್ತಕ್ಷರ ಬಲ್ಲದು. ಪ್ರಬಂಧ ಬರೆಯುವವರು ಪಿಜಿಎಫ್ ಬ್ಯಾಕೆಂಡ್ ಬಳಸಿ ಅಕ್ಷರದ ಕೆಲಸವನ್ನು ಝೀಲೇಟೆಕ್ ಎಂಬ ಪುಟ ಜೋಡಿಸುವ ಪ್ರೋಗ್ರಾಂಗೆ ಒಪ್ಪಿಸಬಹುದು. ನಾನು ಮಾಡುವುದು ಇನ್ನೂ ಸುಲಭದ್ದು. ಚಿತ್ರವನ್ನು ಎಸ್‌ವಿಜಿಯಾಗಿ ಉಳಿಸುತ್ತೇನೆ. ಸಾಮಾನ್ಯವಾಗಿ ಅದರಲ್ಲಿ ಅಕ್ಷರಗಳು ಗೆರೆಗಳಾಗಿ ಕರಗಿರುತ್ತವೆ. ಎಸ್‌ವಿಜಿ ಫಾಂಟ್‌ಟೈಪ್ ಅನ್ನುವ ಸೆಟ್ಟಿಂಗನ್ನು "ನನ್" ಮಾಡಿದರೆ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ಅದನ್ನು ಕೂಡಿಸಿ ತೋರಿಸುವ ಕೆಲಸ ಬ್ರೌಸರ್ ಪಾಲಿಗೆ. ಅಲ್ಲಿ "ವರ್ಷ" ಅರ್ಕಾವತ್ತಿನ ಸಮೇತ ನೆಟ್ಟಗೆ ಬರುತ್ತದೆ. ಕನ್ನಡ ಅಂಕಿಗಳಿಗಂತೂ ಇಷ್ಟೂ ಬೇಡ. ಅವುಗಳಿಗೆ ಒತ್ತೂ ಇಲ್ಲ, ಗುಣಿತವೂ ಇಲ್ಲ. ಫಾಂಟ್ ಇದ್ದರೆ ಸಾಕು, ಲಕ್ಷ ಬರೆಸಿದ್ದಂಥದೇ ಒಂದು ಪುಟ್ಟ ಫಂಕ್ಷನ್‌ನಿಂದ ಅಕ್ಷದ ಮೇಲೆ ೧೨೪.೮೦ ಅಂತ ಬರುತ್ತದೆ.